“ಗಾಡಿ ಎಷ್ಟ ಕೊಡ್ತದರಿ?” – ಒಂದು ಪ್ರಶ್ನೆಯ ಚರಿತ್ರೆ

ನಮ್ಮ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಕಡೆ ಯಾರಾದರೂ ಕಾರು ಕೊಂಡರೆ ನೋಡಲು ಬಂದವರು ಅದರ ಬಣ್ಣವನ್ನು ಹೊಗಳುವ ಮೊದಲೇ ಕೇಳುವ ಮಾತು ಒಂದಿದೆ: “ಗಾಡಿ ಎಷ್ಟ ಕೊಡ್ತದರಿ?” ಒಂದು ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬುದು ಅದರ ಅರ್ಥ. ಬೆಂಗಳೂರಿನವರು ಇದನ್ನು ಮೈಲೇಜ್ ಎನ್ನುತ್ತಾರೆ, ನಮ್ಮವರು ಆವರೇಜ್ ಎನ್ನುತ್ತಾರೆ. ಎಮ್ಮೆ ಎಷ್ಟು ಹಾಲು ಕೊಡುತ್ತದೆ, ಹೊಲ ಎಷ್ಟು ಚೀಲ ತೊಗರಿ ಕೊಡುತ್ತದೆ ಎಂದು ಕೇಳಿ ಅಭ್ಯಾಸವಾದ ನಾಲಿಗೆಗೆ ಈ ಪ್ರಶ್ನೆ ಸಹಜವೇ ಆಗಿದೆ. ಆದರೆ ಎಮ್ಮೆಯ ವಿಷಯದಲ್ಲಿ ನಮ್ಮ ಹಿರಿಯರು ಇನ್ನೊಂದು ಮಾತನ್ನೂ ಕೇಳುತ್ತಿದ್ದರು – “ನೀ ಅದಕ್ಕ ಏನ ಹಾಕ್ತಿ?” ಕಾರಿನ ವಿಷಯದಲ್ಲಿ ಈ ಎರಡನೆಯ ಪ್ರಶ್ನೆ ನಮ್ಮ ಬಾಯಿಂದ ಮರೆಯಾಗಿದೆ. ಅದು ಒಂದು ಕಾಲಕ್ಕೆ ಹೇಗೆ ಎಲ್ಲರ ಬಾಯಲ್ಲಿತ್ತು, ಹೇಗೆ ಮರೆಯಾಯಿತು, ಈಗ ಅದರಲ್ಲಿ ಉಳಿದಿರುವುದೇನು ಎಂಬುದನ್ನು ಬರೆಯಬೇಕೆಂದು ಬಹಳ ದಿನಗಳಿಂದ ಮನಸ್ಸಿನಲ್ಲಿತ್ತು. ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಪುಣೆ, ಹೈದರಾಬಾದು, ಬೆಂಗಳೂರುಗಳಲ್ಲಿದ್ದು ಸ್ವಂತ ಕಾರಿನಲ್ಲಿ ಊರಿಗೆ ಬರುತ್ತಾರೆ. ಅವರಿಗೆ ಇದು ಉಪಯೋಗವಾದೀತು.

ಮೋಟಾರು ಕಾರಿನ ಚರಿತ್ರೆಯಲ್ಲಿ ಮೊದಲ ದೂರಪ್ರಯಾಣವೇ ಮೊದಲ ಸ್ವಯಂ ದುರಸ್ತಿಯೂ ಹೌದು. 1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ಥಾ ಬೆಂಜ್ ಎಂಬ ಮಹಿಳೆ ತನ್ನ ಗಂಡ ಕಾರ್ಲ್ ಬೆಂಜ್ ನಿರ್ಮಿಸಿದ್ದ ಮೂರು ಚಕ್ರದ ಗಾಡಿಯನ್ನು ಅವನಿಗೆ ತಿಳಿಸದೆ ಹೊರತೆಗೆದು, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಮಾನ್‌ಹೈಮಿನಿಂದ ನೂರು ಕಿಲೋಮೀಟರಿಗೂ ದೂರದ ಫೋರ್ಟ್ಸ್‌ಹೈಮಿನ ತವರಿಗೆ ಹೋದಳು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ತನ್ನ ಟೋಪಿಯ ಸೂಜಿಯಿಂದ ಅದನ್ನು ಬಿಡಿಸಿದಳು. ಬ್ರೇಕಿನ ಮರದ ತುಂಡು ಸವೆದಾಗ ಚಮ್ಮಾರನೊಬ್ಬನಿಂದ ಅದಕ್ಕೆ ತೊಗಲು ಹೊಡೆಸಿದಳು. ಇಂಧನ ಮುಗಿದಾಗ ವೀಸ್‌ಲೋಖ್ ಎಂಬ ಊರಿನ ಔಷಧದ ಅಂಗಡಿಯಲ್ಲಿ ಅದನ್ನು ಕೊಂಡಳು. ಪೆಟ್ರೋಲ್ ಪಂಪು, ಗ್ಯಾರೇಜು ಎಂಬ ಮಾತುಗಳೇ ಹುಟ್ಟಿರದಿದ್ದ ಕಾಲವದು. ಗಾಡಿ ನಡೆಸುವವರಿಗೆ ಗಾಡಿಯ ಒಳಗು ತಿಳಿದಿರಲೇಬೇಕು ಎಂಬ ನಿಯಮದೊಂದಿಗೇ ಕಾರು ಹುಟ್ಟಿತು. ಅದೇ 1888ರಲ್ಲಿ ಡನ್‌ಲಪ್ ಎಂಬ ಪಶುವೈದ್ಯ ಗಾಳಿ ತುಂಬುವ ಟಯರಿಗೆ ಪೇಟೆಂಟ್ ಪಡೆದ. ಈ ಗಾಳಿಯ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ನಮ್ಮ ಸೀಮೆಗೆ ಯಂತ್ರಗಳು ಬಂದದ್ದು ರೈಲಿನ ಮೂಲಕ. ಮುಂಬಯಿಯಿಂದ ಹೊರಟ ಜಿ.ಐ.ಪಿ. ರೈಲುಮಾರ್ಗ 1871ರಲ್ಲಿ ರಾಯಚೂರನ್ನು ಮುಟ್ಟಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮ ಸರಕಾರದ ರೈಲು ಓಡಿತು. ಶಹಾಬಾದಿನ ಫರಸಿ ಕಲ್ಲು ಆ ಗಾಡಿಗಳನ್ನೇರಿ ದೇಶದ ಮನೆ ಮನೆಯ ನೆಲವಾಯಿತು. ರಸ್ತೆಯ ಮೇಲಿನ ಮೋಟಾರು ಬಂದದ್ದು ಇನ್ನೂ ತಡವಾಗಿ. 1932ರಲ್ಲಿ ನಿಜಾಮ ರೈಲ್ವೆಯ ರಸ್ತೆ ಸಾರಿಗೆ ಶಾಖೆ 27 ಬಸ್ಸು, 166 ನೌಕರರೊಂದಿಗೆ ಆರಂಭವಾಯಿತು. ನಮ್ಮ ಮಿಸ್ತ್ರಿಗಳ ನುಡಿಯಲ್ಲಿ ಇಂದಿಗೂ ಆ ಕಾಲದ ಗುರುತು ಉಳಿದಿದೆ. ಸ್ಪ್ಯಾನರಿಗೆ ಪಾನಾ, ಗಾಳಿಗೆ ಹವಾ, ಗುರುವಿಗೆ ಉಸ್ತಾದ. ಕನ್ನಡ, ಉರ್ದು, ಮರಾಠಿ ಮೂರೂ ಒಂದೇ ಡಬ್ಬಿಯ ಹತ್ಯಾರುಗಳಂತೆ ಕೂಡಿಕೊಂಡಿರುವ ಭಾಷೆ ಅದು.

ಇಂಧನ ಉಳಿತಾಯದ ಮೊದಲ ಕಠಿಣ ಪಾಠ ಎರಡನೆಯ ಮಹಾಯುದ್ಧದಲ್ಲಿ ಆಯಿತು. 1942ರಲ್ಲಿ ಬರ್ಮಾ ಜಪಾನಿನ ವಶವಾದಾಗ ಭಾರತಕ್ಕೆ ಅಲ್ಲಿಂದ ಬರುತ್ತಿದ್ದ ತೈಲ ನಿಂತಿತು. ಪೆಟ್ರೋಲಿಗೆ ಪಡಿತರವಿತ್ತು, ಕೂಪನ್ನುಗಳಿದ್ದವು. ಆಗ ದೇಶದ ಉದ್ದಗಲಕ್ಕೂ ಬಸ್ಸುಗಳ ಹಿಂಬದಿಗೆ ಇದ್ದಿಲಿನ ಒಲೆಗಳು ಬಂದವು. ಮುಚ್ಚಿದ ಉಕ್ಕಿನ ಪೀಪಾಯಿಯಲ್ಲಿ ಇದ್ದಿಲನ್ನು ಸಾಕಷ್ಟು ಗಾಳಿ ಕೊಡದೆ ಉರಿಸಿದರೆ ಪೂರ್ತಿ ಸುಡದೆ ಕಾರ್ಬನ್ ಮಾನಾಕ್ಸೈಡ್ ಅನಿಲ ಹುಟ್ಟುತ್ತದೆ. ಅದನ್ನು ತಣಿಸಿ, ಸೋಸಿ, ಎಂಜಿನಿಗೆ ಕೊಡುತ್ತಿದ್ದರು. ಬೆಳಗಿನ ಬಸ್ಸು ಹೊರಡುವ ಎಷ್ಟೋ ಮೊದಲು ಕ್ಲೀನರ್ ಹುಡುಗ ಎದ್ದು ಕೈಚಕ್ರ ತಿರುಗಿಸಿ ಒಲೆ ಊದಬೇಕಿತ್ತು. ಸೋಸುವ ಪೆಟ್ಟಿಗೆಯನ್ನು ಮತ್ತೆ ಮತ್ತೆ ಶುಚಿ ಮಾಡದಿದ್ದರೆ ಎಂಜಿನ್ ಮಸಿ ನುಂಗಿ ಹಾಳಾಗುತ್ತಿತ್ತು. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಶಕ್ತಿ ಕುಗ್ಗುತ್ತಿದ್ದುದರಿಂದ ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳುತ್ತಿದ್ದರು. ನಾನು ಅದನ್ನು ಕಂಡವನಲ್ಲ, ಹಿರಿಯರ ಬಾಯಿಂದ ಕೇಳಿದವನು. ಅವರು ನಗುತ್ತಲೇ ಹೇಳುತ್ತಿದ್ದರು: “ಟಿಕೀಟಿನ ರೊಕ್ಕಾನೂ ನಾವೇ ಕೊಡಬೇಕು, ಬಸ್ಸೂ ನಾವೇ ನೂಕಬೇಕು.”

ಸ್ವಾತಂತ್ರ್ಯ ಬಂದ ಮೇಲೆ ಕಾರು ಕೊಳ್ಳುವವರಿಗೆ ಆಯ್ಕೆ ಬಹಳ ಇರಲಿಲ್ಲ. ಬಂಗಾಲದ ಹಿಂದುಸ್ತಾನ್ ಮೋಟರ್ಸಿನ ಅಂಬಾಸಡರ್, ಮುಂಬಯಿಯ ಪ್ರೀಮಿಯರ್ ಕಾರ್ಖಾನೆಯ ಫಿಯೆಟ್, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ – ಇಷ್ಟೇ. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಹಾಗೆ ಕಾದು ಪಡೆದ ಗಾಡಿಯನ್ನು ಜನ ಮನೆಯ ಹಸುವಿನಂತೆ ನೋಡಿಕೊಳ್ಳುತ್ತಿದ್ದರು. ಭಂಕೂರಿನಲ್ಲಿ ನಾನು ಶಿಕ್ಷಕನಾಗಿದ್ದ ಆರಂಭದ ವರ್ಷಗಳಲ್ಲಿ ಊರಿಗೆ ಬರುತ್ತಿದ್ದ ಡಾಕ್ಟರೊಬ್ಬರ ಫಿಯೆಟ್ಟಿನ ಡಿಕ್ಕಿ ತೆರೆದರೆ ಒಂದು ಸಣ್ಣ ಗ್ಯಾರೇಜೇ ಕಾಣುತ್ತಿತ್ತು. ಪಾನಾಗಳ ಕಟ್ಟು, ಪ್ಲಗ್ ಬಿಚ್ಚುವ ಕೊಳವೆ, ಉಜ್ಜುಕಾಗದ, ಫ್ಯಾನ್ ಬೆಲ್ಟ್, ಎರಡು ಬಾಟಲಿ ನೀರು, ಎಂಜಿನನ್ನು ಕೈಯಿಂದ ತಿರುಗಿಸುವ ಕಬ್ಬಿಣದ ಹ್ಯಾಂಡಲ್. ಅವರು ರೋಗಿಯ ನಾಲಿಗೆ ನೋಡುವಂತೆಯೇ ಸ್ಪಾರ್ಕ್ ಪ್ಲಗ್ಗಿನ ತುದಿ ನೋಡುತ್ತಿದ್ದರು. ತುದಿ ಬಿಸ್ಕತ್ತಿನ ಬಣ್ಣಕ್ಕಿದ್ದರೆ ಆರೋಗ್ಯ. ಕರಿ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಬೆಳ್ಳಗೆ ಬೂದಿಯಂತಿದ್ದರೆ ಪೆಟ್ರೋಲ್ ಕಡಿಮೆ, ಎಂಜಿನ್ ಅತಿಯಾಗಿ ಕಾಯುತ್ತಿದೆ. ಈ ಪರೀಕ್ಷೆಯನ್ನು ನಾನು ಅವರಿಂದಲೇ ಕಲಿತು ತರಗತಿಯಲ್ಲಿ ದಹನಕ್ರಿಯೆಯ ಪಾಠಕ್ಕೆ ಬಳಸಿಕೊಂಡೆ. ಆ ಪ್ಲಗ್ಗುಗಳ ಮೇಲೆ ಮೈಕೋ ಎಂಬ ಹೆಸರಿರುತ್ತಿತ್ತು. 1951ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯೇ ಆ ಮೈಕೋ, 2008ರಿಂದ ಬಾಷ್ ಎಂಬ ಹೆಸರಿನಲ್ಲಿದೆ. ದೇಶದ ಲಕ್ಷಾಂತರ ಗಾಡಿಗಳ ಕಿಡಿ ಕನ್ನಡನಾಡಿನಲ್ಲಿ ತಯಾರಾಗುತ್ತಿತ್ತೆಂದು ಹೇಳಿದಾಗ ಮಕ್ಕಳ ಮುಖ ಅರಳುತ್ತಿತ್ತು.

ಬೇರೆ ಊರಿಗೂ ನಮ್ಮೂರಿಗೂ ಒಂದು ವ್ಯತ್ಯಾಸವಿತ್ತು. ಅದು ಧೂಳು. ಕಲ್ಲಿನ ಗಣಿಗಳು, ಸಿಮೆಂಟಿನ ಕೈಗಾರಿಕೆ, ಲಾರಿಗಳ ಸಾಲು – ಇವುಗಳ ನಡುವೆ ಬದುಕುವ ನಮಗೆ ಎಲೆಯ ನಿಜವಾದ ಬಣ್ಣ ಮಳೆ ಬಂದ ಮೇಲೆಯೇ ಕಾಣುತ್ತಿತ್ತು. ಈಗ ಒಂದು ಲೆಕ್ಕ ನೋಡಿ. ಒಂದು ತೂಕ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ತೂಕ ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕಿಲೋ ತೂಗುತ್ತದೆ, ಅದಕ್ಕೆ ಹನ್ನೊಂದು ಕಿಲೋ ಗಾಳಿ ಬೇಕು. ಗಾಳಿ ಎಷ್ಟು ಹಗುರವೆಂದರೆ ಹನ್ನೊಂದು ಕಿಲೋ ಗಾಳಿಯೆಂದರೆ ಸುಮಾರು ಒಂಬತ್ತು ಸಾವಿರ ಲೀಟರ್! ನಾವು ಪೆಟ್ರೋಲಿನ ಲೆಕ್ಕವನ್ನಷ್ಟೇ ಬರೆದಿಡುತ್ತೇವೆ. ಆದರೆ ಎಂಜಿನ್ ಒಂದು ಲೀಟರ್ ಪೆಟ್ರೋಲಿನ ಜೊತೆಗೆ ಇಷ್ಟೊಂದು ಗಾಳಿಯನ್ನು ಉಸಿರಾಡುತ್ತದೆ. ಆ ಗಾಳಿ ನಮ್ಮೂರಿನದು ಎಂದಮೇಲೆ ಏರ್ ಫಿಲ್ಟರಿನ ಪಾಡು ಏನಾಗಬೇಕು? ಹಳೆಯ ಜೀಪುಗಳಲ್ಲಿ ಫಿಲ್ಟರಿನ ತಳದಲ್ಲಿ ಎಣ್ಣೆಯ ಬಟ್ಟಲಿರುತ್ತಿತ್ತು. ಒಳಬರುವ ಗಾಳಿಯ ಧೂಳು ಎಣ್ಣೆಗೆ ಅಂಟಿಕೊಂಡು ಕೆಸರಾಗಿ ಕೂರುತ್ತಿತ್ತು. ನಮ್ಮ ಕಡೆಯ ಡ್ರೈವರುಗಳು ಆ ಕೆಸರನ್ನು ಚೆಲ್ಲಿ ಹೊಸ ಎಣ್ಣೆ ಹಾಕಲು ಪುಸ್ತಕದಲ್ಲಿ ಹೇಳಿದಷ್ಟು ದಿನ ಕಾಯುತ್ತಿರಲಿಲ್ಲ. ಫಿಲ್ಟರ್ ಕಟ್ಟಿದರೆ ಕಾರ್ಬುರೇಟರಿಗೆ ಗಾಳಿ ಸಾಲದೆ ಪೆಟ್ರೋಲ್ ಹೆಚ್ಚು ಎಳೆಯುತ್ತದೆ, ಹೊಗೆ ಕರಿಯಾಗುತ್ತದೆ ಎಂಬುದು ಅವರಿಗೆ ಯಾರೂ ಹೇಳಿಕೊಡದೆಯೇ ಗೊತ್ತಿತ್ತು.

ಇನ್ನೊಂದು ಶತ್ರು ನಮ್ಮ ಬಿಸಿಲು. ಮೇ ತಿಂಗಳ ಮಧ್ಯಾಹ್ನ ಕಾರು ನಿಂತರೆ ಪೆಟ್ರೋಲ್ ಕೊಳವೆಯಲ್ಲೇ ಆವಿಯಾಗಿ ಪಂಪಿಗೆ ಎಳೆಯಲು ಬರುತ್ತಿರಲಿಲ್ಲ. ಆಗ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ಬೇವಿನ ನೆರಳಲ್ಲಿ ಕೂರುವುದೇ ಚಿಕಿತ್ಸೆ. ನೀರು ಆವಿಯಾಗುವಾಗ ಶಾಖವನ್ನು ಎಳೆದುಕೊಳ್ಳುತ್ತದೆ, ಮಣ್ಣಿನ ಗಡಿಗೆಯ ನೀರು ತಣ್ಣಗಾಗುವುದೂ ಹೀಗೆಯೇ.

1973ರ ಅಕ್ಟೋಬರಿನಲ್ಲಿ ಪಶ್ಚಿಮ ಏಷ್ಯಾದಲ್ಲಿ ಯುದ್ಧ ನಡೆದು ಅರಬ್ ರಾಷ್ಟ್ರಗಳು ತೈಲದ ಮೇಲೆ ನಿರ್ಬಂಧ ಹೇರಿದವು. ಪೀಪಾಯಿಗೆ ಸುಮಾರು 3 ಡಾಲರ್ ಇದ್ದ ಕಚ್ಚಾ ತೈಲ 1974ರ ಜನವರಿಯ ಹೊತ್ತಿಗೆ 12 ಡಾಲರಿನ ಹತ್ತಿರ ಬಂತು. ಆ ನವೆಂಬರಿನಲ್ಲಿ ಅಟಲ ಬಿಹಾರಿ ವಾಜಪೇಯಿಯವರು ಪೆಟ್ರೋಲ್ ಬೆಲೆಯೇರಿಕೆಯನ್ನು ಪ್ರತಿಭಟಿಸಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದರು. ಅಮೆರಿಕ ತನ್ನ ಹೆದ್ದಾರಿಗಳ ವೇಗವನ್ನು ಗಂಟೆಗೆ 55 ಮೈಲಿಗೆ ಇಳಿಸಿತು. ನಮ್ಮಲ್ಲಿ ಎಸ್ಸೊ, ಬರ್ಮಾ ಶೆಲ್, ಕಾಲ್ಟೆಕ್ಸ್ ಎಂಬ ವಿದೇಶಿ ಕಂಪನಿಗಳು ಅದೇ ದಶಕದಲ್ಲಿ ಒಂದೊಂದಾಗಿ ಸರಕಾರದ ವಶಕ್ಕೆ ಬಂದವು. 1978ರಲ್ಲಿ ಇಂಧನ ಉಳಿತಾಯಕ್ಕೆಂದೇ ಪಿ.ಸಿ.ಆರ್.ಎ. ಎಂಬ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಸ್ಥೆ ರೂಪುಗೊಂಡಿತು. ಗಂಟೆಗೆ 45ರಿಂದ 55 ಕಿಲೋಮೀಟರ್ ವೇಗದಲ್ಲಿ ನಡೆಸಿ, ಟಯರಿಗೆ ಸರಿಯಾಗಿ ಹವಾ ಹಾಕಿಸಿ, ಕ್ಲಚ್ಚಿನ ಮೇಲೆ ಕಾಲಿಡಬೇಡಿ, ನಿಂತಾಗ ಎಂಜಿನ್ ಆರಿಸಿ – ಈ ಉಪದೇಶಗಳನ್ನು ಊರೂರಿಗೆ ಮುಟ್ಟಿಸಿದ್ದು ಅದರ ಪ್ರಚಾರವೇ.

1983ರ ಡಿಸೆಂಬರ್ 14ರಂದು ಮಾರುತಿ 800 ಬಂತು. 1489 ಸಿ.ಸಿ.ಯ ಅಂಬಾಸಡರ್ ಲೀಟರಿಗೆ ಹತ್ತರ ಆಸುಪಾಸಿನಲ್ಲಿ ಓಡುತ್ತಿದ್ದ ಕಾಲದಲ್ಲಿ 796 ಸಿ.ಸಿ.ಯ ಈ ಹಗುರ ಗಾಡಿ ಅದಕ್ಕಿಂತ ಬಹಳ ಮುಂದೆ ಹೋಯಿತು. “ಎಷ್ಟ ಕೊಡ್ತದರಿ?” ಎಂಬ ಪ್ರಶ್ನೆಗೆ ಅಂಗಡಿಯಿಂದಲೇ ಉತ್ತರ ಸಿಗತೊಡಗಿದ್ದು ಆಗ. ನನ್ನ ದೃಷ್ಟಿಯಲ್ಲಿ ತಿರುವು ಇಲ್ಲಿದೆ. ಅಲ್ಲಿಯವರೆಗೆ ಆವರೇಜ್ ಎಂಬುದು ಮಾಲೀಕನ ಶ್ರದ್ಧೆಯ ಫಲವಾಗಿತ್ತು. ಅಲ್ಲಿಂದ ಮುಂದೆ ಅದು ಕಂಪನಿ ಕೊಡುವ ವರವಾಯಿತು.

ವರಕ್ಕೆ ಕಾಯುವ ಮನಸ್ಸು ಮೋಸಕ್ಕೂ ಸುಲಭವಾಗಿ ಬೀಳುತ್ತದೆ. ಇಂಧನದ ಕೊಳವೆಗೆ ಅಯಸ್ಕಾಂತ ಕಟ್ಟಿದರೆ ಪೆಟ್ರೋಲ್ ಉಳಿಯುತ್ತದೆಂದು, ಟ್ಯಾಂಕಿಗೆ ಗುಳಿಗೆ ಹಾಕಿದರೆ ಆವರೇಜ್ ಏರುತ್ತದೆಂದು ಮಾರುವವರು ಜಾತ್ರೆಗಳವರೆಗೂ ಬಂದರು. 1996ರಲ್ಲಿ ತಮಿಳುನಾಡಿನಿಂದ ಗಿಡಮೂಲಿಕೆಯ ಪೆಟ್ರೋಲಿನ ಸುದ್ದಿ ಬಂದು ದೇಶವೆಲ್ಲ ಬೆರಗಾಯಿತು, ವಿಜ್ಞಾನಿಗಳ ಪರೀಕ್ಷೆಯಲ್ಲಿ ಅದು ನಿಲ್ಲಲಿಲ್ಲ. ಪೆಟ್ರೋಲಿಗೆ ರೇಷನ್ನಿನ ನೀಲಿ ಸೀಮೆಎಣ್ಣೆ ಬೆರೆಸುವ ಕಳ್ಳದಾರಿಯೂ ಇತ್ತು. ಹಾಗೆ ಬೆರೆಸಿದ ಗಾಡಿ ಏರಿನಲ್ಲಿ ಟಕಟಕ ಬಡಿಯುತ್ತಿತ್ತು, ಉರಿಯದೆ ಉಳಿದ ಸೀಮೆಎಣ್ಣೆ ಎಂಜಿನ್ ಎಣ್ಣೆಗಿಳಿದು ಅದನ್ನು ತೆಳುವಾಗಿಸುತ್ತಿತ್ತು. ಉಳಿಸಿದ ಹತ್ತು ರೂಪಾಯಿಗೆ ಬೋರಿಂಗ್ ಕೆಲಸಕ್ಕೆ ಸಾವಿರಾರು ತೆತ್ತವರನ್ನು ಬಲ್ಲೆ. ಇಂಥ ಯಾವುದೇ ಸಾಧನದ ಮುಂದೆ ನಾನು ವಿದ್ಯಾರ್ಥಿಗಳಿಗೆ ಕಲಿಸಿದ ಪ್ರಶ್ನೆ ಒಂದೇ: “ಅಳೆದದ್ದು ಯಾರು, ಹೇಗೆ?”

ಅಳೆಯುವ ಕ್ರಮ ಏಳನೆಯ ತರಗತಿಯ ಗಣಿತಕ್ಕಿಂತ ಕಠಿಣವಲ್ಲ. ಪಂಪಿನ ನಳಿಗೆ ತಾನೇ ನಿಲ್ಲುವವರೆಗೆ ಟ್ಯಾಂಕ್ ತುಂಬಿಸಿ ಕಿಲೋಮೀಟರ್ ಬರೆದುಕೊಳ್ಳಿ. ಮುಂದಿನ ಸಲ ಅದೇ ರೀತಿ ತುಂಬಿಸಿ. ನಡುವೆ ಓಡಿದ್ದು 512 ಕಿಲೋಮೀಟರ್, ಹಿಡಿದದ್ದು 32 ಲೀಟರ್ ಎಂದಾದರೆ ಆವರೇಜ್ 16. ಒಂದು ಸಲದ ಲೆಕ್ಕ ನಂಬಬೇಡಿ, ಐದಾರು ಸಲದ ಸರಾಸರಿ ನೋಡಿ. ನಮ್ಮ ಸಾರಿಗೆ ಸಂಸ್ಥೆಗಳು ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬ ಲೆಕ್ಕವನ್ನು ಚಾಲಕವಾರು ಇಡುತ್ತವೆ. ಅದೇ ಬಸ್ಸು, ಅದೇ ದಾರಿ; ಚಾಲಕ ಬದಲಾದರೆ ಅಂಕಿ ಬದಲಾಗುತ್ತದೆ. ಗಾಡಿ ಕೊಡುವುದಕ್ಕಿಂತ ಕಾಲು ಮತ್ತು ಕಣ್ಣು ಕೊಡುವುದೇ ಎಷ್ಟೋ ಸಲ ಹೆಚ್ಚು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

2000ದ ಫೆಬ್ರವರಿ 1ರಿಂದ ದೇಶದಾದ್ಯಂತ ಸೀಸವಿಲ್ಲದ ಪೆಟ್ರೋಲ್ ಬಂತು. ಆ ಸುಮಾರಿಗೆ ಕಾರ್ಬುರೇಟರ್ ಹಿಂದೆ ಸರಿದು, ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುವ ಏರ್ಪಾಡು ಬಂತು. 2020ರ ಏಪ್ರಿಲ್ 1ರಿಂದ ಬಿ.ಎಸ್. 6 ನಿಯಮ ಜಾರಿಯಾಯಿತು. ಪದ್ಮಿನಿ ಕಾರು ಶತಮಾನದ ತಿರುವಿನಲ್ಲಿ ಹೋಯಿತು, ಅಂಬಾಸಡರ್ 2014ರಲ್ಲಿ ನಿಂತಿತು. ಈ ಬದಲಾವಣೆ ಒಳ್ಳೆಯದೇ. ಹೊಗೆ ತಗ್ಗಿದೆ, ಗಾಡಿ ದಾರಿಯಲ್ಲಿ ನಿಲ್ಲುವುದು ಅಪರೂಪವಾಗಿದೆ. ಹಳೆಯದೆಲ್ಲ ಚಿನ್ನವೆಂದು ನಾನು ಹೇಳಲಾರೆ. ಆದರೆ ಇದರ ಜೊತೆಗೆ ಬಾನೆಟ್ಟು ತೆರೆಯುವುದೇ ನಮ್ಮ ಕೆಲಸವಲ್ಲ ಎಂಬ ಭಾವನೆಯೂ ಬಂದಿತು. ಪಾಯಿಂಟ್ ತಿದ್ದುವುದು, ಕಾರ್ಬುರೇಟರ್ ತೊಳೆಯುವುದು ಹೋದದ್ದು ನಿಜ. ಉಳಿದದ್ದು ಹೋಗಿಲ್ಲ.

ಮೊದಲನೆಯದು ಡನ್‌ಲಪ್ಪನ ಗಾಳಿ. ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿಯಲ್ಲಿ ಎಷ್ಟು ಹವಾ ಎಂದು ಬರೆದಿರುತ್ತದೆ. ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ, ಟಯರ್ ತಣ್ಣಗಿರುವಾಗ ನೋಡಿಸಿ. ಹವಾ ಕಡಿಮೆಯಿದ್ದರೆ ಟಯರ್ ಮಗ್ಗುಲು ಬಾಗಿ ಬಾಗಿ ಪೆಟ್ರೋಲನ್ನು ಶಾಖವಾಗಿ ಕಳೆಯುತ್ತದೆ. ನಮ್ಮ ಬೇಸಿಗೆಯಲ್ಲಿ ಆ ಶಾಖವೇ ಹೆದ್ದಾರಿಯಲ್ಲಿ ಟಯರ್ ಸಿಡಿಯಲು ಕಾರಣ. ಓಡಿ ಬಿಸಿಯಾದ ಟಯರಿನಲ್ಲಿ ಒತ್ತಡ ಏರಿರುವುದು ಸಹಜ. ಅದನ್ನು ಕಂಡು ಹವಾ ಬಿಡಬೇಡಿ. ಇಲ್ಲಿ ಪಣವಿರುವುದು ರೊಕ್ಕವಲ್ಲ, ಹಿಂದಿನ ಸೀಟಿನಲ್ಲಿ ಮಲಗಿರುವ ಮಕ್ಕಳು.

ಎರಡನೆಯದು ಏರ್ ಫಿಲ್ಟರ್. ಈಗಿನ ಗಾಡಿಯಲ್ಲಿ ಫಿಲ್ಟರ್ ಸ್ವಲ್ಪ ಕಟ್ಟಿದರೆ ಕಂಪ್ಯೂಟರ್ ಗಾಳಿಗೆ ತಕ್ಕಂತೆ ಪೆಟ್ರೋಲನ್ನೂ ತಗ್ಗಿಸುವುದರಿಂದ ಆವರೇಜ್ ಹಿಂದಿನಷ್ಟು ಬೀಳುವುದಿಲ್ಲ, ಎಳೆಯುವ ಶಕ್ತಿ ಕುಗ್ಗುತ್ತದೆ. ಆದರೆ ಫಿಲ್ಟರ್ ಹರಿದಿದ್ದರೆ ಅಥವಾ ಸರಿಯಾಗಿ ಕೂತಿರದಿದ್ದರೆ ಕಲ್ಲಿನ ಪುಡಿ ಒಳಹೋಗಿ ಎಂಜಿನಿನ ರಿಂಗುಗಳನ್ನು ಉಜ್ಜುಕಾಗದದಂತೆ ಸವೆಸುತ್ತದೆ. ಎರಡು ಕ್ಲಿಪ್ಪು ಬಿಚ್ಚಿ ಹೊರತೆಗೆದು ಬೆಳಕಿಗೆ ಹಿಡಿದು ನೋಡಲು ಮಿಸ್ತ್ರಿ ಬೇಕಿಲ್ಲ. ಕೈಪಿಡಿಯಲ್ಲಿ ಬರೆದ ಅವಧಿ ಸಾಧಾರಣ ರಸ್ತೆಗೆ. ಧೂಳಿನ ಊರಿಗೆ ಬೇಗ ಬದಲಿಸಿ ಎಂದು ಅದೇ ಕೈಪಿಡಿ ಹೇಳುತ್ತದೆ.

ಮೂರನೆಯದು ವೇಗ. ಎದುರುಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 80ರಿಂದ 100ಕ್ಕೆ ಹೋದರೆ ವೇಗ ಹೆಚ್ಚುವುದು ಕಾಲುಭಾಗ, ಗಾಳಿಯ ತಡೆ ಹೆಚ್ಚುವುದು ಅರ್ಧಕ್ಕಿಂತ ಮಿಗಿಲು. ನೂರು ಕಿಲೋಮೀಟರ್ ದಾರಿಯಲ್ಲಿ ಅದರಿಂದ ಉಳಿಯುವುದು ಹದಿನೈದು ನಿಮಿಷ ಮಾತ್ರ. ದೂರದಲ್ಲೇ ಎಮ್ಮೆಗಳ ಹಿಂಡು ಕಂಡರೆ ಆಗಲೇ ಎಕ್ಸಲರೇಟರಿನಿಂದ ಕಾಲು ತೆಗೆಯಿರಿ. ಹತ್ತಿರ ಹೋಗಿ ಬ್ರೇಕ್ ಒತ್ತಿದರೆ ಕೊಂಡ ಪೆಟ್ರೋಲನ್ನು ಶಾಖ ಮಾಡಿ ಚೆಲ್ಲಿದಂತೆ. ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವ ಹಳೆಯ ಚಾಳಿ ಬಿಡಿ. ಈಗಿನ ಎಂಜಿನ್ ಗೇರಿನಲ್ಲಿದ್ದು ಎಕ್ಸಲರೇಟರ್ ಬಿಟ್ಟರೆ ತಾನೇ ಪೆಟ್ರೋಲ್ ನಿಲ್ಲಿಸುತ್ತದೆ. ನ್ಯೂಟ್ರಲಿನಲ್ಲಿ ಉರಿಯುತ್ತಲೇ ಇರುತ್ತದೆ, ಹಿಡಿತವೂ ತಪ್ಪುತ್ತದೆ. ರೈಲ್ವೆ ಗೇಟು ಬಿದ್ದರೆ ಎಂಜಿನ್ ಆರಿಸಿ. ಸಣ್ಣ ಕಾರು ಕೂಡ ಗಂಟೆಗೆ ಅರ್ಧ ಲೀಟರಿಗಿಂತ ಹೆಚ್ಚನ್ನು ನಿಂತಲ್ಲೇ ಕುಡಿಯುತ್ತದೆ.

ಉಳಿದವು ಸಣ್ಣ ಕೆಲಸಗಳು. ಸಮತಟ್ಟು ಜಾಗದಲ್ಲಿ ಒಬ್ಬರು ಬ್ರೇಕಿನ ಬಳಿ ಕೂತಿರಲಿ, ಗಾಡಿಯನ್ನು ನ್ಯೂಟ್ರಲಿನಲ್ಲಿಟ್ಟು ಕೈಯಿಂದ ತಳ್ಳಿ. ಸಲೀಸಾಗಿ ಉರುಳದಿದ್ದರೆ ಬ್ರೇಕ್ ಹಿಡಿದುಕೊಂಡಿದೆಯೆಂದು ತಿಳಿದು ಮಿಸ್ತ್ರಿಗೆ ತೋರಿಸಿ. ಎಂಜಿನ್ ಎಣ್ಣೆಯ ಮಟ್ಟ ತಿಂಗಳಿಗೊಮ್ಮೆ ನೋಡಿ. ಮಳೆಗಾಲದಲ್ಲಿ ಚಕ್ರದ ಒಳಮೈಗೆ ಅಂಟಿದ ಎರೆಮಣ್ಣು ಒಣಗುವ ಮೊದಲೇ ತೊಳೆಯಿರಿ, ಇಲ್ಲವಾದರೆ ತೂಕ ಏರುಪೇರಾಗಿ ಸ್ಟೇರಿಂಗ್ ನಡುಗುತ್ತದೆ. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಎಂದೂ ತೆರೆಯಬೇಡಿ, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.

ಈಗ ಪೆಟ್ರೋಲೂ ಬದಲಾಗಿದೆ. ಪಂಪುಗಳಲ್ಲಿ ಸಿಗುವುದು ನೂರಕ್ಕೆ 20 ಪಾಲು ಎಥೆನಾಲ್ ಬೆರೆತ ಪೆಟ್ರೋಲ್. ಲೀಟರ್ ಲೆಕ್ಕದಲ್ಲಿ ಎಥೆನಾಲಿನ ಶಾಖ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ. ಅದಕ್ಕೆ ಹೊಂದುವಂತೆ ತಯಾರಾಗದ ಹಳೆಯ ಕಾರುಗಳಲ್ಲಿ ಆವರೇಜ್ ಶೇಕಡ 6ರಿಂದ 7ರವರೆಗೆ ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ಆದ್ದರಿಂದ ಹಳೆಯ ಗಾಡಿಯ ಆವರೇಜ್ ತುಸು ಬಿದ್ದಾಕ್ಷಣ ಎಂಜಿನ್ ಕೆಟ್ಟಿತೆಂದು ಗಾಬರಿಯಾಗಬೇಡಿ, ಬಿಚ್ಚಿಸಲೂ ಹೋಗಬೇಡಿ. ಹಳೆಯ ಗಾಡಿಯ ರಬ್ಬರಿನ ಇಂಧನ ಕೊಳವೆಗಳು ಬಿರಿದಿವೆಯೇ ಎಂದು ಮಾತ್ರ ನೋಡಿಸಿ. ನೋಟುಬುಕ್ಕಿನಲ್ಲಿ ನಿಮ್ಮದೇ ಲೆಕ್ಕವಿದ್ದರೆ ಎಷ್ಟು ಇಳಿದಿದೆಯೆಂದು ನೀವೇ ಹೇಳಬಲ್ಲಿರಿ.

ನಮ್ಮ ದೇಶ ಬಳಸುವ ಕಚ್ಚಾ ತೈಲದಲ್ಲಿ ಶೇಕಡ 85ಕ್ಕೂ ಹೆಚ್ಚು ಹೊರಗಿನಿಂದ ಬರುತ್ತದೆ. ಯಾವುದೋ ಸಮುದ್ರದಲ್ಲಿ ಯುದ್ಧವಾದರೆ ಶಹಾಬಾದಿನ ಪಂಪಿನಲ್ಲಿ ಅಂಕಿ ಏರುತ್ತದೆ, ಅದು ನಮ್ಮ ಕೈಯಲ್ಲಿಲ್ಲ. ಟಯರಿನ ಹವಾ, ಫಿಲ್ಟರಿನ ಧೂಳು, ನಮ್ಮ ಬಲಗಾಲಿನ ಭಾರ ಮಾತ್ರ ನಮ್ಮ ಕೈಯಲ್ಲೇ ಇವೆ. ಯುದ್ಧಕಾಲದ ಕ್ಲೀನರ್ ಹುಡುಗನಿಗೂ, ಪ್ಲಗ್ಗಿನ ಬಣ್ಣ ನೋಡುತ್ತಿದ್ದ ಡಾಕ್ಟರಿಗೂ ಇದು ಗೊತ್ತಿತ್ತು. ನನ್ನ ವಿದ್ಯಾರ್ಥಿಗಳು ತಮ್ಮ ಮಕ್ಕಳಿಗೆ ಕಾರು ಓಡಿಸುವುದನ್ನು ಕಲಿಸುವ ಮೊದಲು ಒಂದು ದಿನ ಬಾನೆಟ್ಟು ತೆರೆದು, ಎಣ್ಣೆಯ ಕಡ್ಡಿ ಎಲ್ಲಿದೆ, ಗಾಳಿಯ ಡಬ್ಬಿ ಎಲ್ಲಿದೆ ಎಂದು ತೋರಿಸಲಿ. “ಗಾಡಿ ಎಷ್ಟ ಕೊಡ್ತದ?” ಎಂದು ಆ ಮಕ್ಕಳು ಕೇಳಿದರೆ, “ನೀ ನೋಡಿಕೊಂಡಷ್ಟು” ಎಂಬ ಉತ್ತರ ಆಗ ಅವರಿಗೆ ಅರ್ಥವಾಗುತ್ತದೆ.